ಸ್ಕ್ರ್ಯಾಚ್ ಅಸ್ಸೇಗೆ ಮೆಷಿನ್ ಬೇಕಾ? ಮೊದಲು ಯಾವ ಕೆಲಸವನ್ನು ಕೈಯಿಂದ ಬಿಡಿಸಬೇಕು?

ಪ್ರಶ್ನೆ: ನಾನು ದಾವಣಗೆರೆ ಕಡೆಯವಳು, ಬಯೋಟೆಕ್ನಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಹೊಲದ ಬದುವಿನಲ್ಲಿ ಬೆಳೆಯುವ ಟ್ರೈಡ್ಯಾಕ್ಸ್ ಗಿಡದ ಎಲೆಯನ್ನು ಕುಡುಗೋಲು ತಾಗಿದ ಗಾಯಕ್ಕೆ ಅರೆದು ಹಚ್ಚುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅದರ ಎಕ್ಸ್‌ಟ್ರ್ಯಾಕ್ಟ್ (ಸಾರ) ಹಾಕಿದರೆ ಚರ್ಮದ ಜೀವಕೋಶಗಳು ಬೇಗ ಚಲಿಸುತ್ತವಾ ಎಂದು ಹಾಕ್ಯಾಟ್ ಕೋಶಗಳ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಚರ್ಮದ ಕೋಶಗಳು) ಮೇಲೆ ಸ್ಕ್ರ್ಯಾಚ್ ಅಸ್ಸೇ ಮಾಡುತ್ತಿದ್ದೇನೆ. ಒಂದು ವಾರ ಎಕ್ಸ್‌ಟ್ರ್ಯಾಕ್ಟ್ ಗೆಲ್ಲುತ್ತದೆ, ಮುಂದಿನ ವಾರ ಕಂಟ್ರೋಲ್ (ಎಕ್ಸ್‌ಟ್ರ್ಯಾಕ್ಟ್ ಹಾಕದ ಕೋಶಗಳು) ಗೆಲ್ಲುತ್ತದೆ. ಫೋಟೋಗಳ ಮೇಲೆ ಗೆರೆ ಎಳೆದು ಅಳೆಯುವುದಕ್ಕೇ ದಿನಗಟ್ಟಲೆ ಹೋಗುತ್ತಿದೆ. ಗ್ರಾಂಟ್ ಬಂದರೆ ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಒಳಗೇ ಫೋಟೋ ತೆಗೆಯುವ ಲೈವ್-ಸೆಲ್ ಮೆಷಿನ್ ತರಿಸೋಣ ಅನ್ನುತ್ತಾರೆ ನಮ್ಮ ಗೈಡ್. ಅದು ಬಂದರೆ ಸಮಸ್ಯೆ ಮುಗಿಯುತ್ತದಾ? ಗ್ರಾಂಟ್ ಬರದಿದ್ದರೆ ಏನು ಮಾಡಲಿ?

ಉತ್ತರ: ಮೆಷಿನ್ ಬಂದರೆ ನಿಮ್ಮ ಸಮಯ ಉಳಿಯುತ್ತದೆ. ಆದರೆ ವಾರದಿಂದ ವಾರಕ್ಕೆ ಉತ್ತರ ಬದಲಾಗುವ ಸಮಸ್ಯೆ ಅದರಿಂದಷ್ಟೇ ಮುಗಿಯುವುದಿಲ್ಲ. ನೀವು ಬರೆದಿದ್ದನ್ನು ಓದಿದರೆ ತೊಂದರೆ ಹುಟ್ಟುತ್ತಿರುವುದು ಫೋಟೋ ತೆಗೆಯುವ ಮೊದಲೇ ಅಂತ ನನಗೆ ಅನಿಸುತ್ತದೆ. ಗೀರು ಎಳೆಯುವ ಆ ಒಂದು ಕ್ಷಣದಲ್ಲಿ.

ಮೊದಲ ಸಲ ಓದುವವರಿಗಾಗಿ ವಿಷಯವನ್ನು ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಪ್ಲೇಟಿನ ತಳದಲ್ಲಿ ಜೀವಕೋಶಗಳನ್ನು ಒತ್ತಾಗಿ ಬೆಳೆಸುತ್ತೇವೆ, ಚಾಪೆ ಹಾಸಿದ ಹಾಗೆ. ಪಿಪೆಟ್ ಟಿಪ್ ಹಿಡಿದು ಅದರ ನಡುವೆ ಒಂದು ಗೀರು ಎಳೆಯುತ್ತೇವೆ. ಅದೇ ‘ಗಾಯ’. ಎರಡೂ ಅಂಚಿನ ಕೋಶಗಳು ಮೆಲ್ಲಗೆ ಖಾಲಿ ಜಾಗಕ್ಕೆ ಸರಿದು ಬರುತ್ತವೆ. ಶೂನ್ಯ ಗಂಟೆಗೆ ಒಂದು ಫೋಟೋ, 12 ಗಂಟೆಗೆ ಒಂದು, 24 ಗಂಟೆಗೆ ಒಂದು. ಎಷ್ಟು ಮುಚ್ಚಿಕೊಂಡಿತು ಎಂದು ಲೆಕ್ಕ. ಖರ್ಚು ಕಡಿಮೆ, ಯಾರು ಬೇಕಾದರೂ ಮಾಡಬಹುದು. ಅದಕ್ಕೇ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಲ್ಯಾಬ್‌ಗಳಲ್ಲಿ ಗಿಡಮೂಲಿಕೆಯ ಮೇಲೆ ಕೆಲಸ ಮಾಡುವವರಿಗೆ ಇದು ಇಷ್ಟ.

ಈಗ ನಿಮ್ಮ ಸಮಸ್ಯೆಗೆ ಬರೋಣ. ನೀವು ‘ಶೇಕಡಾ ಎಷ್ಟು ಮುಚ್ಚಿತು’ ಎಂದು ಬರೆದುಕೊಳ್ಳುತ್ತಿದ್ದೀರಿ, ಅಲ್ವಾ? ಹೆಚ್ಚಿನವರು ಹಾಗೇ ಮಾಡುತ್ತಾರೆ. ಒಂದು ಲೆಕ್ಕ ನೋಡಿ. ಮೊದಲ ವೆಲ್‌ನಲ್ಲಿ (ಪ್ಲೇಟಿನ ಒಂದು ಗುಳಿಯಲ್ಲಿ) ನಿಮ್ಮ ಕೈ ಹಗುರವಾಗಿತ್ತು, ಗೀರಿನ ಅಗಲ 500 ಮೈಕ್ರಾನ್ ಬಂತು. ಪಕ್ಕದ ವೆಲ್‌ನಲ್ಲಿ ಟಿಪ್ ಸ್ವಲ್ಪ ಓರೆಯಾಯಿತು, 800 ಮೈಕ್ರಾನ್ ಬಂತು. 12 ಗಂಟೆಯ ನಂತರ ಮೊದಲನೆಯದು 200ಕ್ಕೆ ಇಳಿಯಿತು, ಎರಡನೆಯದು 500ಕ್ಕೆ. ಶೇಕಡಾ ಲೆಕ್ಕದಲ್ಲಿ ಮೊದಲನೆಯದು 60 ಮುಚ್ಚಿದೆ, ಎರಡನೆಯದು ಬರೀ 37.5. ನೋಡಿದವರು ‘ಭಾರಿ ವ್ಯತ್ಯಾಸ’ ಅನ್ನುತ್ತಾರೆ. ಆದರೆ ಎರಡರಲ್ಲೂ ಮುಚ್ಚಿದ್ದು 300 ಮೈಕ್ರಾನ್. ಒಂದೊಂದು ಅಂಚು 150 ಮೈಕ್ರಾನ್ ನಡೆದಿದೆ. ಗಂಟೆಗೆ 12.5 ಮೈಕ್ರಾನ್. ಕೋಶಗಳು ಎರಡೂ ಕಡೆ ಒಂದೇ ವೇಗದಲ್ಲಿ ನಡೆದಿವೆ. ನೀವು ಅಳೆದದ್ದು ಎಕ್ಸ್‌ಟ್ರ್ಯಾಕ್ಟಿನ ಗುಣವನ್ನಲ್ಲ, ನಿಮ್ಮ ಮಣಿಕಟ್ಟಿನ ಒತ್ತಡವನ್ನು.

ಈ ಪೆಟ್ಟು ನಾನೂ ತಿಂದಿದ್ದೇನೆ. ಲ್ಯಾಬ್ ಸೇರಿದ ಹೊಸದರಲ್ಲಿ ಮೂರು ತಿಂಗಳ ಫಲಿತಾಂಶವನ್ನು ಬಹಳ ಖುಷಿಯಿಂದ ಹಿಡಿದುಕೊಂಡು ಕೂತಿದ್ದೆ. ಹಿರಿಯರೊಬ್ಬರು ಶೂನ್ಯ ಗಂಟೆಯ ಅಗಲಗಳನ್ನಷ್ಟೇ ಬೇರೆ ಗ್ರಾಫ್ ಮಾಡಿಸಿದರು. ಔಷಧ ಹಾಕಿದ ವೆಲ್‌ಗಳೆಲ್ಲ ಕಿರಿದಾದ ಗೀರಿನವು. ಕಂಟ್ರೋಲ್ ವೆಲ್‌ಗಳಲ್ಲಿ ಯಾವಾಗಲೂ ಮೊದಲು ಗೀರು ಎಳೆಯುತ್ತಿದ್ದೆ. ಆಗ ಕೈ ಬಿಗಿಯಾಗಿರುತ್ತಿತ್ತು, ಗೀರು ಅಗಲವಾಗುತ್ತಿತ್ತು. ಅಷ್ಟೇ ವಿಷಯ. ಆ ಕೆಲಸ ಪೂರ್ತಿ ಮತ್ತೆ ಮಾಡಬೇಕಾಯಿತು.

ಹಾಗಾಗಿ ಇವತ್ತೇ, ಒಂದು ರೂಪಾಯಿ ಖರ್ಚಿಲ್ಲದೆ ನೀವು ಮಾಡಬಹುದಾದ ಕೆಲಸ ಇದು: ಶೇಕಡಾ ಬಿಟ್ಟು ಅಂಚಿನ ವೇಗಕ್ಕೆ ಬನ್ನಿ. ಖಾಲಿ ಜಾಗದ ವಿಸ್ತೀರ್ಣ ಗಂಟೆಗೆ ಎಷ್ಟು ಇಳಿಯುತ್ತಿದೆ ನೋಡಿ. ಅದನ್ನು ಫೋಟೋದಲ್ಲಿ ಕಾಣುವ ಗೀರಿನ ಉದ್ದದ ಎರಡರಷ್ಟರಿಂದ ಭಾಗಿಸಿ. ಎರಡರಷ್ಟು ಯಾಕೆಂದರೆ ಅಂಚುಗಳು ಎರಡು. ಉದ್ದ 1000 ಮೈಕ್ರಾನ್ ಇದ್ದು, ಗಂಟೆಗೆ 25,000 ಚದರ ಮೈಕ್ರಾನ್ ಇಳಿಯುತ್ತಿದ್ದರೆ ವೇಗ 12.5. ಗೀರು ಫೋಟೋದಲ್ಲಿ ಓರೆಯಾಗಿದ್ದರೆ ಫೋಟೋದ ಎತ್ತರವನ್ನಲ್ಲ, ಗೀರಿನ ನಿಜವಾದ ಉದ್ದವನ್ನೇ ತೆಗೆದುಕೊಳ್ಳಿ. ಹಳೆಯ ಫೋಟೋಗಳನ್ನು ಎಸೆಯಬೇಡಿ. ಅವನ್ನೂ ಈ ಲೆಕ್ಕಕ್ಕೆ ಹಾಕಿ ನೋಡಿ. ನಿಮ್ಮ ವಾರದ ಜಗಳ ಅರ್ಧ ಅಲ್ಲೇ ಬಗೆಹರಿದರೆ ನನಗೆ ಆಶ್ಚರ್ಯವಿಲ್ಲ.

ಇನ್ನು ಆಟೋಮೇಷನ್. ಈ ಅಸ್ಸೇಯಲ್ಲಿ ಯಂತ್ರಕ್ಕೆ ಒಪ್ಪಿಸಬಹುದಾದ ಕೆಲಸ ಮೂರು: ಗೀರು ಎಳೆಯುವುದು, ಫೋಟೋ ತೆಗೆಯುವುದು, ಅಳೆಯುವುದು. ದುಡ್ಡು ಇರುವವರು ನಡುವಿನದರಿಂದ ಶುರು ಮಾಡುತ್ತಾರೆ, ಯಾಕೆಂದರೆ ಕೊಳ್ಳಲು ಸಿಗುವ ದೊಡ್ಡ ಮೆಷಿನ್ ಅದಕ್ಕೇ ಇರುವುದು. ನನ್ನ ಸಲಹೆ ಬೇರೆ. ಅಳೆಯುವುದನ್ನು ಮೊದಲು ಕೈಯಿಂದ ಬಿಡಿಸಿ. ಅದು ಪುಕ್ಕಟೆ. ಆಮೇಲೆ ಗೀರು. ಕ್ಯಾಮೆರಾ ಕೊನೆಗೆ.

ಅಳೆಯುವುದಕ್ಕೆ ಇಮೇಜ್‌ಜೆ ಸಾಕು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಬರೆದ ಉಚಿತ ಸಾಫ್ಟ್‌ವೇರ್ ಅದು. ಪ್ಲಗಿನ್‌ಗಳ ಸಮೇತ ಸಿಗುವ ಅದರ ರೂಪಕ್ಕೆ ಫಿಜಿ ಎಂದು ಹೆಸರು. ಗೀರನ್ನು ಗುರುತಿಸುವ ಉಪಾಯ ತುಂಬಾ ಸರಳ. ಫೇಸ್ ಕಾಂಟ್ರಾಸ್ಟ್ (ಬಣ್ಣ ಹಾಕದೆಯೇ ಕೋಶ ಕಾಣುವಂತೆ ಮಾಡುವ ಮೈಕ್ರೋಸ್ಕೋಪ್ ವಿಧಾನ) ಫೋಟೋದಲ್ಲಿ ಕೋಶ ಇರುವ ಕಡೆ ಬೆಳಕು-ಕತ್ತಲು ತರಿತರಿಯಾಗಿರುತ್ತದೆ. ಖಾಲಿ ಜಾಗ ನುಣುಪಾಗಿ, ಒಂದೇ ಬೂದು ಬಣ್ಣದಲ್ಲಿರುತ್ತದೆ. ಕಂಪ್ಯೂಟರಿಗೆ ‘ಎಲ್ಲಿ ಕಪ್ಪು, ಎಲ್ಲಿ ಬಿಳಿ’ ಎಂದು ಕೇಳಬೇಡಿ. ‘ಎಲ್ಲಿ ತರಿ, ಎಲ್ಲಿ ನುಣುಪು’ ಎಂದು ಕೇಳಿ. ವೇರಿಯನ್ಸ್ ಫಿಲ್ಟರ್ ಇದನ್ನೇ ಮಾಡುತ್ತದೆ. ಪ್ರತಿ ಚುಕ್ಕೆಯ ಸುತ್ತ ಕೆಲವು ಪಿಕ್ಸೆಲ್‌ಗಳಲ್ಲಿ ಬೆಳಕಿನ ಏರಿಳಿತ ಎಷ್ಟು ಎಂದು ಲೆಕ್ಕ ಹಾಕುತ್ತದೆ. ಅದರ ಮೇಲೆ ಒಂದು ಥ್ರೆಶೋಲ್ಡ್ (ಇಷ್ಟಕ್ಕಿಂತ ಹೆಚ್ಚಿದ್ದರೆ ಕೋಶ ಎಂಬ ಮಿತಿ) ಹಾಕಿ, ಸಣ್ಣ ತೂತುಗಳನ್ನು ತುಂಬಿಸಿ, ಅತಿ ದೊಡ್ಡ ಖಾಲಿ ಜಾಗದ ವಿಸ್ತೀರ್ಣ ತೆಗೆದರೆ ಆಯಿತು. ವೆಲ್‌ನ ಗೋಡೆಯ ಹತ್ತಿರ ಮೀಡಿಯಾ (ಕೋಶಗಳಿಗೆ ಆಹಾರವಾದ ದ್ರವ) ಬಾಗಿ ನಿಂತು ಬೆಳಕು ಏರುಪೇರಾಗುತ್ತದಲ್ಲ, ಆ ತೊಂದರೆಯೂ ಈ ದಾರಿಯಲ್ಲಿ ಕಡಿಮೆ.

ಈ ಹೆಜ್ಜೆಗಳನ್ನು ತಾನಾಗಿ ನಡೆಸುವ ಮ್ಯಾಕ್ರೋ ನೀವೇ ಬರೆಯಬೇಕಿಲ್ಲ. ಕೊಲಂಬಿಯಾದ ಸಂಶೋಧಕರು 2020ರಲ್ಲಿ ಇಮೇಜ್‌ಜೆಗಾಗಿ ಇಂಥದ್ದೇ ಒಂದು ಪ್ಲಗಿನ್ ಪ್ರಕಟಿಸಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಅದಕ್ಕೂ ಮೊದಲು, 2009ರಲ್ಲಿ ಜ್ಯೂರಿಕ್‌ನ ಇ.ಟಿ.ಎಚ್. ತಂಡದವರು ಟಿ-ಸ್ಕ್ರ್ಯಾಚ್ ಎಂಬ ಉಚಿತ ಉಪಕರಣ ಮಾಡಿದ್ದರು. ಇಂಥವುಗಳಿಂದ ಒಂದು ಫೋಲ್ಡರಿನ ಫೋಟೋಗಳೆಲ್ಲ ಒಂದೇ ಸಲಕ್ಕೆ ಮುಗಿಯುತ್ತವೆ. ನೀವು ಚಹಾ ಕುಡಿದು ಬರುವಷ್ಟರಲ್ಲಿ.

ಆದರೆ ಸುಮ್ನೆ ನಂಬಬೇಡಿ. ಹಳೆಯ ಫೋಟೋಗಳಿಂದ ಒಂದು 30 ಆರಿಸಿ. ಬೇರೆ ಬೇರೆ ವಾರದವು ಇರಲಿ, ಕೆಟ್ಟ ಫೋಟೋಗಳೂ ಇರಲಿ. ಹೆಸರು ಮುಚ್ಚಿ, ನೀವು ಮತ್ತು ನಿಮ್ಮ ಗೆಳತಿ ಒಬ್ಬರು ಬೇರೆ ಬೇರೆಯಾಗಿ ಕೈಯಲ್ಲಿ ಗೆರೆ ಎಳೆಯಿರಿ. ಸಾಫ್ಟ್‌ವೇರ್ ಮತ್ತು ಮನುಷ್ಯರ ನಡುವಿನ ವ್ಯತ್ಯಾಸ, ಇಬ್ಬರು ಮನುಷ್ಯರ ನಡುವಿನ ವ್ಯತ್ಯಾಸಕ್ಕಿಂತ ಜಾಸ್ತಿ ಇಲ್ಲದಿದ್ದರೆ ಅದು ಪಾಸು. ಒಮ್ಮೆ ಸೆಟ್ಟಿಂಗ್ ನಿಗದಿ ಮಾಡಿದ ಮೇಲೆ ಎಲ್ಲ ಫೋಟೋಗಳಿಗೂ ಅದೇ ಇರಬೇಕು. ‘ಈ ಫೋಟೋದಲ್ಲಿ ಸ್ವಲ್ಪ ಸರಿ ಬಂದಿಲ್ಲ’ ಎಂದು ಒಂದೊಂದಕ್ಕೂ ತಿರುಗಿಸುತ್ತ ಹೋದರೆ ಮತ್ತೆ ಕೈಯಲ್ಲೇ ಅಳೆದ ಹಾಗಾಯಿತು.

ನಿಮ್ಮ ಕೆಲಸಕ್ಕೇ ಇರುವ ಒಂದು ಅಪಾಯವನ್ನು ಇಲ್ಲೇ ಹೇಳುತ್ತೇನೆ, ಯಾಕೆಂದರೆ ಯಂತ್ರ ಇದನ್ನು ತಾನಾಗಿ ಹಿಡಿಯುವುದಿಲ್ಲ. ಗಿಡದ ಎಕ್ಸ್‌ಟ್ರ್ಯಾಕ್ಟ್ ಮೀಡಿಯಾದಲ್ಲಿ ಪೂರ್ತಿ ಕರಗದೆ ಸಣ್ಣ ಕಣಗಳಾಗಿ ತಳಕ್ಕೆ ಕೂರಬಹುದು. ಖಾಲಿ ಜಾಗದಲ್ಲಿ ಕೂತ ಆ ಕಣಗಳು ಸಾಫ್ಟ್‌ವೇರಿಗೆ ‘ತರಿ’ಯಾಗಿ ಕಾಣುತ್ತವೆ. ಅಂದರೆ ಕೋಶ ಇದ್ದ ಹಾಗೆ. ಡೋಸ್ ಹೆಚ್ಚಿದಷ್ಟೂ ಕಣ ಜಾಸ್ತಿ, ಗಾಯ ‘ಮುಚ್ಚಿದ್ದೂ’ ಜಾಸ್ತಿ! ಡೋಸ್‌ಗೆ ತಕ್ಕ ಪರಿಣಾಮ ಎಂದು ಚೆಂದದ ಗ್ರಾಫ್ ಬಂದುಬಿಡುತ್ತದೆ. ಆದ್ದರಿಂದ ಎಕ್ಸ್‌ಟ್ರ್ಯಾಕ್ಟನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ. ಕೋಶಗಳೇ ಇಲ್ಲದ ಒಂದು ವೆಲ್‌ಗೆ ಅದೇ ಡೋಸ್ ಹಾಕಿ ಫೋಟೋ ತೆಗೆದು, ಸಾಫ್ಟ್‌ವೇರ್ ಏನು ಹೇಳುತ್ತದೆ ನೋಡಿ. ಕೋಶ ಬದುಕಿದೆಯೇ ಎಂದು ಬಣ್ಣದಿಂದ ನೋಡುವ ಎಂ.ಟಿ.ಟಿ. ಪರೀಕ್ಷೆಯಲ್ಲೂ ಇಂಥದ್ದೇ ಮೋಸ ಇದೆ. ಗಿಡದ ಪಾಲಿಫಿನಾಲ್‌ಗಳು ಕೋಶಗಳ ಸಹಾಯವಿಲ್ಲದೆಯೇ ಎಂ.ಟಿ.ಟಿ.ಯನ್ನು ನೇರಳೆ ಬಣ್ಣಕ್ಕೆ ತಿರುಗಿಸಬಲ್ಲವು. ಅಲ್ಲಿಗೂ ಕೋಶವಿಲ್ಲದ ವೆಲ್ ಬೇಕು. ಎಕ್ಸ್‌ಟ್ರ್ಯಾಕ್ಟ್ ಕರಗಿಸಲು ಡಿ.ಎಂ.ಎಸ್.ಒ. ಬಳಸಿದ್ದರೆ ಕಂಟ್ರೋಲ್‌ಗೂ ಅಷ್ಟೇ ಡಿ.ಎಂ.ಎಸ್.ಒ. ಹಾಕಲು ಮರೆಯಬೇಡಿ.

ಗೀರಿನ ವಿಷಯಕ್ಕೆ ಬಂದರೆ, ಕೈಯನ್ನು ಹತೋಟಿಗೆ ತರಲು ಹಲವು ದಾರಿ ಇವೆ. ಮೊದಲನೆಯದು ಗೀರನ್ನೇ ಎಳೆಯದಿರುವುದು. ಜರ್ಮನಿಯ ಇಬಿಡಿ ಕಂಪನಿ ಸಿಲಿಕೋನಿನ ಪುಟ್ಟ ಇನ್ಸರ್ಟ್ ಮಾರುತ್ತದೆ. ನಡುವೆ ಒಂದು ಗೋಡೆ, ಎರಡು ಬದಿಗೆ ಕೋಣೆ. ಎರಡೂ ಕೋಣೆಯಲ್ಲಿ ಕೋಶ ಬೆಳೆಸಿ, ಚಿಮಟದಿಂದ ಇನ್ಸರ್ಟ್ ಎತ್ತಿದರೆ ಸುಮಾರು 500 ಮೈಕ್ರಾನಿನ ನೇರ ಖಾಲಿ ಜಾಗ ಉಳಿಯುತ್ತದೆ. ಪ್ರತಿ ಸಲವೂ ಹತ್ತಿರಹತ್ತಿರ ಅಷ್ಟೇ. ಕೋಶ ಅಂಟಿಕೊಳ್ಳಲು ತಳಕ್ಕೆ ಕೊಲ್ಯಾಜನ್ ಎಂಬ ಪ್ರೋಟೀನ್ ಲೇಪಿಸಿದ್ದರೆ ಅದೂ ಕೆರೆದುಹೋಗುವುದಿಲ್ಲ. ಆದರೆ ಒಂದು ಮಾತು. ಗೀರಿದಾಗ ಅಂಚಿನ ಕೋಶಗಳು ಒಡೆದು ತಮ್ಮೊಳಗಿನದನ್ನು ಚೆಲ್ಲುತ್ತವೆ. ಅದು ಪಕ್ಕದ ಕೋಶಗಳಿಗೆ ‘ಗಾಯವಾಗಿದೆ’ ಎಂಬ ಸುದ್ದಿ. ಇನ್ಸರ್ಟ್ ಎತ್ತಿದಾಗ ಆ ಸುದ್ದಿ ಇರುವುದಿಲ್ಲ, ಬರೀ ಖಾಲಿ ಜಾಗ ಸಿಗುತ್ತದೆ. ನಿಮ್ಮ ಪ್ರಶ್ನೆ ಕೋಶಗಳ ಚಲನೆಯದ್ದಾದರೆ ಇನ್ಸರ್ಟ್ ಒಳ್ಳೆಯದು. ಗಾಯದ ಪ್ರತಿಕ್ರಿಯೆಯದ್ದಾದರೆ ಗೀರು ಬೇಕು. ಯಾವುದನ್ನು ಬಳಸಿದಿರಿ ಎಂದು ಥೀಸಿಸ್‌ನಲ್ಲಿ ಸ್ಪಷ್ಟವಾಗಿ ಬರೆಯಿರಿ.

ಎರಡನೆಯದು ಪಿನ್‌ಗಳ ಸಾಲು. 96 ವೆಲ್ ಪ್ಲೇಟಿನಲ್ಲಿ ವೆಲ್‌ನಿಂದ ವೆಲ್‌ಗೆ 9 ಮಿಲಿಮೀಟರ್ ಅಂತರ, ಯಾವ ಕಂಪನಿಯ ಪ್ಲೇಟ್ ತೆಗೆದುಕೊಂಡರೂ ಅಷ್ಟೇ. ಈ ಏಕರೂಪ ಇರುವುದರಿಂದಲೇ 96 ಪಿನ್‌ಗಳ ಒಂದು ಉಪಕರಣವನ್ನು ಮೇಲಿಟ್ಟು ಒಂದೇ ಸಲಕ್ಕೆ 96 ಗೀರು ಎಳೆಯಲು ಆಗುವುದು. ಇನ್‌ಕ್ಯುಸೈಟ್ ಎಂಬ ಲೈವ್-ಸೆಲ್ ಮೆಷಿನ್ ಜೊತೆ ಮಾರುವ ವುಂಡ್‌ಮೇಕರ್ ಹೀಗೇ ಕೆಲಸ ಮಾಡುತ್ತದೆ. ಅಷ್ಟು ಬೇಡ ಅಂದರೆ ನಿಮ್ಮ ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರು ಆಯಾಮದ ಪ್ರಿಂಟರ್ ಇರುತ್ತದೆ. 24 ವೆಲ್ ಪ್ಲೇಟಿನ ಮೇಲೆ ಕೂರುವ ಒಂದು ಮುಚ್ಚಳ ಮಾಡಿಸಿ, ಪ್ರತಿ ವೆಲ್‌ನ ಮೇಲೂ ಟಿಪ್ ಜಾರುವಷ್ಟು ಅಗಲದ ಸೀಳು ಇರಲಿ. ಟಿಪ್ ಓರೆಯಾಗುವುದು ನಿಲ್ಲುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಯು.ವಿ. ಕೆಳಗಿಟ್ಟು ಬಳಸಿ. ಗೀರಿನ ಅಗಲದ ಹರವು ಎಷ್ಟು ಕಡಿಮೆಯಾಯಿತು ಎಂದು ನೀವೇ ಅಳೆದು ನೋಡಬಹುದು.

ಮೂರನೆಯ ದಾರಿ ನಿಮಗೆ ಸದ್ಯಕ್ಕೆ ಬೇಕಿಲ್ಲ, ಆದರೆ ಅದರ ಹಿಂದಿನ ಯೋಚನೆ ನನಗೆ ಬಹಳ ಇಷ್ಟ. ಐವರ್ ಗಿಯೇವರ್ ಎಂಬ ನಾರ್ವೆ ಮೂಲದ ವಿಜ್ಞಾನಿ 1973ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು, ಅತಿವಾಹಕಗಳ ಕೆಲಸಕ್ಕೆ. ಆಮೇಲೆ ಅವರು ಜೀವಕೋಶಗಳ ಕಡೆ ತಿರುಗಿದರು. ಚಾರ್ಲ್ಸ್ ಕೀಸ್ ಜೊತೆ ಸೇರಿ, ಪುಟ್ಟ ಚಿನ್ನದ ಎಲೆಕ್ಟ್ರೋಡ್ ಮೇಲೆ ಕೋಶ ಬೆಳೆಸಿ ವಿದ್ಯುತ್ ತಡೆಯನ್ನು ಅಳೆಯುವ ವಿಧಾನ ಕಂಡುಹಿಡಿದರು. ಕೋಶ ಎಲೆಕ್ಟ್ರೋಡನ್ನು ಮುಚ್ಚಿದಷ್ಟೂ ತಡೆ ಏರುತ್ತದೆ. 2004ರಲ್ಲಿ ಅವರ ತಂಡ ಇದನ್ನೇ ಗಾಯಕ್ಕೂ ಬಳಸಿತು. ಜೋರಾದ ವಿದ್ಯುತ್ ಹಾಯಿಸಿ ಎಲೆಕ್ಟ್ರೋಡ್ ಮೇಲಿನ ಕೋಶಗಳನ್ನಷ್ಟೇ ಕೊಲ್ಲುವುದು. ಸುತ್ತಲಿನ ಕೋಶಗಳು ಒಳಗೆ ಬರುತ್ತಿದ್ದಂತೆ ತಡೆ ಮತ್ತೆ ಏರುವುದನ್ನು ನೋಡುವುದು. ಗಾಯದ ಅಳತೆ ಎಂದರೆ ಎಲೆಕ್ಟ್ರೋಡಿನ ಅಳತೆ, ಅದು ಬದಲಾಗುವುದೇ ಇಲ್ಲ. ಫೋಟೋ ಬೇಡ, ಟಿಪ್ ಬೇಡ, ಕೈ ನಡುಗುವ ಮಾತೇ ಇಲ್ಲ.

ಇನ್ನು ಕ್ಯಾಮೆರಾ. ನಿಮ್ಮ ಗೈಡ್ ಹೇಳುವ ಮೆಷಿನ್ ನಿಜಕ್ಕೂ ಒಳ್ಳೆಯದು. ಹತ್ತಾರು ಲಕ್ಷದ ಮಾತು, ಅದರ ಜೊತೆ ವಿಶೇಷ ಪ್ಲೇಟ್‌ಗಳ ಖರ್ಚು, ವರ್ಷ ವರ್ಷ ಸರ್ವೀಸ್ ಖರ್ಚು. ಅದರಿಂದ ಸಿಗುವ ನಿಜವಾದ ಲಾಭ ಎರಡು. ಒಂದು, ಪ್ಲೇಟ್ ಹೊರಗೆ ಬರುವುದೇ ಇಲ್ಲ. ನೀವು ಪ್ಲೇಟನ್ನು ಮೈಕ್ರೋಸ್ಕೋಪ್ ಕೆಳಗೆ ಅರ್ಧ ಗಂಟೆ ಇಟ್ಟುಕೊಂಡರೆ ಮೀಡಿಯಾ ತಣ್ಣಗಾಗುತ್ತದೆ, ಕಾರ್ಬನ್ ಡೈಆಕ್ಸೈಡ್ ಹೋಗಿ ಕೆಂಪು ಮೀಡಿಯಾ ಗುಲಾಬಿಗೆ ತಿರುಗುತ್ತದೆ. ಕೋಶಗಳ ನಡಿಗೆ ನಿಧಾನವಾಗುತ್ತದೆ. ಎರಡು, ಗಂಟೆ ಗಂಟೆಗೂ ಫೋಟೋ ಸಿಗುತ್ತದೆ, ರಾತ್ರಿಯೂ. ಮೂರು ಚುಕ್ಕೆಯ ಬದಲು ಒಂದು ಪೂರ್ತಿ ಗೆರೆ ಸಿಗುತ್ತದೆ. ಆ ಗೆರೆಯಲ್ಲಿ ಮಾತ್ರ ಕಾಣುವ ಸಂಗತಿಗಳಿವೆ. ಗೀರು ಎಳೆದ ಮೊದಲ ಒಂದೆರಡು ಗಂಟೆ ಅಂಚು ಹಿಂದಕ್ಕೆ ಸರಿದು ಗಾಯ ಅಗಲವಾಗುವುದುಂಟು, ಎಳೆದು ಹಿಡಿದ ಬಟ್ಟೆ ಕತ್ತರಿಸಿದಾಗ ಸರಿಯುವ ಹಾಗೆ. ಕೊನೆಗೆ ಎರಡು ಅಂಚು ಮುಟ್ಟಿಕೊಂಡ ಮೇಲೆ ವೇಗ ತಾನೇ ಬೀಳುತ್ತದೆ. ಇವೆರಡರ ನಡುವಿನ ನೇರ ಭಾಗದಿಂದ ವೇಗ ತೆಗೆಯಬೇಕು. ಶೂನ್ಯ ಮತ್ತು 24ರ ಫೋಟೋ ಮಾತ್ರ ಇದ್ದರೆ ಎಲ್ಲ ಒಂದರಲ್ಲಿ ಒಂದು ಕಲಸಿಹೋಗುತ್ತದೆ.

ಗ್ರಾಂಟ್ ಬರದಿದ್ದರೂ ಇದಕ್ಕೆ ಹತ್ತಿರ ಹೋಗಬಹುದು. ಶೂನ್ಯ, 3, 6, 9, 12 ಗಂಟೆಗೆ ಫೋಟೋ ತೆಗೆಯಿರಿ. ಬೆಳಿಗ್ಗೆ 8ಕ್ಕೆ ಗೀರಿದರೆ ರಾತ್ರಿ 8ಕ್ಕೆ ಮನೆ. ಪ್ಲೇಟಿನ ತಳಕ್ಕೆ ಹೊರಗಿನಿಂದ ಸೂಜಿಯಲ್ಲಿ ಸಣ್ಣ ಅಡ್ಡಗೆರೆ ಎಳೆದುಕೊಳ್ಳಿ. ಪ್ರತಿ ಸಲವೂ ಆ ಗೆರೆಯ ಮೇಲಿನ ಮತ್ತು ಕೆಳಗಿನ ಅದೇ ಜಾಗದ ಫೋಟೋ ಬರಲಿ. ಜಾಗ ತಪ್ಪಿದ ಫೋಟೋ ಅಂದರೆ ಬೇರೆ ಗಾಯದ ಫೋಟೋ. ಒಂದೊಂದು ಪ್ಲೇಟನ್ನು ಐದು ನಿಮಿಷದಲ್ಲಿ ಮುಗಿಸಿ ಒಳಗಿಡಿ. ಫೋಟೋಗಳ ಹೆಸರಿನಲ್ಲಿ ದಿನಾಂಕ, ಪ್ಲೇಟ್, ವೆಲ್, ಗಂಟೆ ಒಂದೇ ಕ್ರಮದಲ್ಲಿರಲಿ. ಇದು ಸಣ್ಣ ವಿಷಯ ಅನಿಸಬಹುದು. ಆದರೆ ಹೆಸರು ಸರಿ ಇದ್ದರೆ ಮ್ಯಾಕ್ರೋ ತಾನೇ ಎಲ್ಲವನ್ನೂ ಜೋಡಿಸುತ್ತದೆ.

12 ಗಂಟೆಗೆ ನಿಲ್ಲಿಸಿ ಎಂದು ಹೇಳಲು ಇನ್ನೊಂದು ಕಾರಣ ಇದೆ. ಗೀರು ಮುಚ್ಚುವುದು ಕೋಶ ನಡೆದು ಬಂದಿದ್ದರಿಂದಲೂ ಆಗುತ್ತದೆ, ಕೋಶ ಒಡೆದು ಎರಡಾಗಿದ್ದರಿಂದಲೂ ಆಗುತ್ತದೆ. ಸಮಯ ಹೆಚ್ಚಾದಷ್ಟೂ ಎರಡನೆಯದರ ಪಾಲು ಏರುತ್ತದೆ. ಅದನ್ನು ತಡೆಯಲು ಕೆಲವರು ಗೀರುವ ಮೊದಲು ಎರಡು ಗಂಟೆ ಮೈಟೋಮೈಸಿನ್ ಸಿ ಹಾಕಿಡುತ್ತಾರೆ, ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಮಟ್ಟದಲ್ಲಿ. ಅದು ವಿಷ. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಕೋಶಗಳಿಗೂ ಹೆಚ್ಚಾಗದಂತೆ ಮೊದಲು ಪರೀಕ್ಷಿಸಿ. ಕೋಶ ಬೆಳೆಯಲು ಮೀಡಿಯಾಕ್ಕೆ ಹಾಕುವ ಸೀರಮ್ ಕಡಿಮೆ ಮಾಡಿ, ಬೇಗ ಮುಗಿಸುವುದು ಅದಕ್ಕಿಂತ ಸರಳ.

ಕೊನೆಯದಾಗಿ ಆಟೋಮೇಷನ್ ತರುವ ಒಂದು ದೊಡ್ಡ ಆಸೆಯ ಬಗ್ಗೆ ಎಚ್ಚರಿಸಬೇಕು. ಒಂದೇ ಪ್ಲೇಟಿನಲ್ಲಿ 96 ವೆಲ್ ಸಿಕ್ಕಾಗ ಕಂಪ್ಯೂಟರ್ 96 ಸಂಖ್ಯೆ ಕೊಡುತ್ತದೆ. ಅವನ್ನೆಲ್ಲ ಟಿ-ಟೆಸ್ಟಿಗೆ (ಎರಡು ಗುಂಪಿನ ವ್ಯತ್ಯಾಸ ಆಕಸ್ಮಿಕವೇ ಎಂದು ನೋಡುವ ಲೆಕ್ಕ) ಹಾಕಿದರೆ ಯಾವ ಸಣ್ಣ ವ್ಯತ್ಯಾಸವೂ ‘ಮಹತ್ವದ್ದು’ ಎಂದು ಬರುತ್ತದೆ. ಆದರೆ ಆ 96 ವೆಲ್‌ಗಳೂ ಒಂದೇ ಫ್ಲಾಸ್ಕಿನ, ಒಂದೇ ದಿನದ ಕೋಶಗಳು. ನಿಮ್ಮ ಲೆಕ್ಕದಲ್ಲಿ ಅದು ಒಂದೇ ಪ್ರಯೋಗ. ಬೇರೆ ದಿನ, ಬೇರೆ ಪ್ಯಾಸೇಜಿನ (ಬೇರೆ ಸಲ ಹೊಸ ಫ್ಲಾಸ್ಕಿಗೆ ಹಾಕಿ ಬೆಳೆಸಿದ) ಕೋಶಗಳಲ್ಲಿ ಮಾಡಿದ್ದನ್ನು ಮಾತ್ರ ಎರಡನೆಯದು, ಮೂರನೆಯದು ಎಂದು ಎಣಿಸಿ. ಪ್ಲೇಟಿನ ಹೊರ ಸಾಲಿನ ವೆಲ್‌ಗಳಲ್ಲಿ ಮೀಡಿಯಾ ಬೇಗ ಆರುತ್ತದೆ, ಅಲ್ಲಿ ಬರೀ ಬಫರ್ ತುಂಬಿಸಿಡಿ. ಕಂಟ್ರೋಲ್ ಮತ್ತು ಎಕ್ಸ್‌ಟ್ರ್ಯಾಕ್ಟ್ ವೆಲ್‌ಗಳನ್ನು ಚೀಟಿ ಎತ್ತಿ ಹಂಚಿ. ನಾನು ಮಾಡಿದ ತಪ್ಪು ನಿಮ್ಮಿಂದ ಆಗದಿರಲಿ.

ಪ್ರತಿ ಪ್ಲೇಟಿನಲ್ಲೂ ಎರಡು ಸಾಕ್ಷಿ ಇರಲೇಬೇಕು. ಹಾಕ್ಯಾಟ್‌ಗೆ ಇ.ಜಿ.ಎಫ್. (ಚರ್ಮದ ಕೋಶಗಳನ್ನು ಚುರುಕುಗೊಳಿಸುವ ಪ್ರೋಟೀನ್) ಹಾಕಿದರೆ ಅಂಚು ಬೇಗ ನಡೆಯಬೇಕು. ಸೈಟೊಕಲಾಸಿನ್ ಡಿ ಹಾಕಿದರೆ ಕೋಶ ಚಲಿಸಲು ಬೇಕಾದ ಆಕ್ಟಿನ್ ಎಳೆ ಕಟ್ಟುವುದು ನಿಂತು ಕೋಶಗಳು ಅಲ್ಲೇ ಉಳಿಯಬೇಕು. ಇವೆರಡರಲ್ಲಿ ಒಂದಾದರೂ ತನ್ನ ಕೆಲಸ ಮಾಡದ ದಿನ ಎಕ್ಸ್‌ಟ್ರ್ಯಾಕ್ಟಿನ ಸಂಖ್ಯೆಯನ್ನು ನೋಡಲೇಬೇಡಿ, ಅದು ಚೆನ್ನಾಗಿ ಬಂದಿದ್ದರೂ ಸರಿ.

ಥೀಸಿಸ್ ಶೀರ್ಷಿಕೆಯಲ್ಲಿ ‘ಗಾಯ ಮಾಯಿಸುತ್ತದೆ’ ಎಂದು ಬರೆಯಬೇಡಿ. ನಿಜವಾದ ಗಾಯದಲ್ಲಿ ರಕ್ತ ಹೆಪ್ಪುಗಟ್ಟಬೇಕು, ಬಿಳಿ ರಕ್ತಕಣಗಳು ಬರಬೇಕು, ಹೊಸ ರಕ್ತನಾಳ ಬೆಳೆಯಬೇಕು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ತಿಂಗಳುಗಟ್ಟಲೆ ಮಾಯದಿರುವುದಕ್ಕೆ ಇವೆಲ್ಲವೂ ಕಾರಣ. ಪ್ಲೇಟಿನಲ್ಲಿ ಇರುವುದು ಒಂದೇ ಜಾತಿಯ ಕೋಶಗಳ ನಡಿಗೆ. ‘ಹಾಕ್ಯಾಟ್ ಕೋಶಗಳ ಚಲನೆಯ ಮೇಲೆ ಪರಿಣಾಮ’ ಎಂದರೆ ಸಾಕು. ಅಷ್ಟನ್ನು ಗಟ್ಟಿಯಾಗಿ ತೋರಿಸಿದರೂ ಅದು ಒಳ್ಳೆಯ ಕೆಲಸವೇ.

ಗೈಡ್ ಹತ್ತಿರ ಮಾತಾಡುವಾಗ ಗ್ರಾಂಟ್ ಅರ್ಜಿ ನಿಲ್ಲಿಸಿ ಅನ್ನಬೇಡಿ. ಅದು ಹೋಗಲಿ. ಅಷ್ಟರಲ್ಲಿ 24 ವೆಲ್‌ನ ಒಂದು ಪ್ಲೇಟಿನಲ್ಲಿ ಯಾವ ಔಷಧವನ್ನೂ ಹಾಕದೆ, ಬರೀ ಗೀರು ಎಳೆದು ಶೂನ್ಯ ಗಂಟೆಯ 24 ಫೋಟೋ ತೆಗೆಯಿರಿ. ಅಗಲಗಳ ಸರಾಸರಿ ಮತ್ತು ಹರವು ಲೆಕ್ಕ ಹಾಕಿ. ಆ ಎರಡು ಸಂಖ್ಯೆ ಬರೆದು ಕಳಿಸಿ. ಇನ್ಸರ್ಟ್ ಕೊಳ್ಳಬೇಕಾ, ಮುಚ್ಚಳ ಮಾಡಿಸಿದರೆ ಸಾಕಾ ಎಂದು ಅವನ್ನು ನೋಡಿ ಹೇಳುತ್ತೇನೆ.